ಬೆಸುಗೆ ನೋಡುವವನ ಬೆರಳು

"ಭೂಮಿಯ ಈ ಕಡೆ ನಿಂತು ಆ ಕಡೆಯವರ ಫೋಟೋ ತೆಗೆದವನು ನಾನು, ಅಕ್ಕ."

ಕೊಳವೆಗಳ ಬೆಸುಗೆಯನ್ನು ವಿಕಿರಣ ಹಾಯಿಸಿ ಫೋಟೋ ತೆಗೆದು ಪರೀಕ್ಷಿಸುವವನೊಬ್ಬ ಆಸ್ಪತ್ರೆಯ ಬೆಂಚಿನಲ್ಲಿ, ಜೊತೆಗೆ ಬಂದಿದ್ದ ಅಕ್ಕನ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯೊಬ್ಬನ ಕಿವಿ ಮೊಳದುದ್ದ ಬೆಳೆಯಿತು.

"ಭೂಮಿ ಹಾಗಿರಲಿ, ಬೆರಳು ತೋರಿಸೋ. ಬದನೆಕಾಯಿ ಆಗಿದೆ."

"ಬಿಸಿ ಪೈಪು ತಾಗ್ತು, ಅಷ್ಟೆ."

"ಮೈಗೆ ಎಷ್ಟು ವಿಕಿರಣ ಬಿದ್ದಿದೆ ಅಂತ ಮೊನ್ನೆ ಡಾಕ್ಟರು ಕೇಳಿದ್ರು. ಎದೆ ಮೇಲೆ ಹಾಕ್ಕೊಳ್ಳೋ ಬ್ಯಾಡ್ಜಲ್ಲಿ ಗೊತ್ತಾಗುತ್ತಂತಲ್ಲ?"

"ಕಂಪನಿಯವರು ನೋಡಿಸಿದ್ರು. ಸೊನ್ನೆ. ವಿಕಿರಣಕ್ಕೂ ನನ್ನ ಕಂಡ್ರೆ ಭಯ."

"ಈ ಕೈಗೆ ಸೊನ್ನೆನಾ? ನನ್ನ ಮುಖ ನೋಡಿ ಹೇಳು."

ಒಳಗಿನಿಂದ ಅವನ ಸರದಿ ಕೂಗಿದರು. ಅಕ್ಕ ತೋಳು ಹಿಡಿದು ಎಬ್ಬಿಸಿದಳು. ಬಾಗಿಲವರೆಗೂ ಅವನು ತಲೆ ಎತ್ತಲಿಲ್ಲ.

"ಅಳತೆ ಮೀರಿದ್ರೆ ಕೆಲಸದಿಂದ ದೂರ ಇಡ್ತಾರಕ್ಕ. ಅದಕ್ಕೇ ಬ್ಯಾಡ್ಜನ್ನ ವರ್ಷವಿಡೀ ಲಾಕರಲ್ಲೇ ಬಿಟ್ಟು ಹೋಗ್ತಿದ್ದೆ. ಎಷ್ಟು ಬಿದ್ದಿದೆಯೋ ಈಗ ಯಾರಿಗೂ ಗೊತ್ತಾಗಲ್ಲ."