ಕೈಯಿಂದ ಕೈಗೆ ದಾಟಿ ಮುಂದಕ್ಕೆ ಹೋದ ಫೋನು

ಹೇಳಿಕೆ ಕೊಡುವವರು: ಅಂಬರೀಶ್ ಬಿನ್ ವೆಂಕಟರಾಯಪ್ಪ, 29 ವರ್ಷ, ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ವಾಸ ಮೇಲೂರು, ಶಿಡ್ಲಘಟ್ಟ ತಾಲ್ಲೂಕು.

ಮೇಲ್ಕಂಡ ನಾನು ಈ ದಿನ ಬೆಳಿಗ್ಗೆ 11-20 ಗಂಟೆಗೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ, ದಿನಾಂಕ 17-01-2025ರಂದು ನಮ್ಮ ಬಸ್ಸಿನ ಡ್ರೈವರ್ ಮುರಳಿಮೋಹನ್ ಅವರು ಅಮ್ಮಾಜಮ್ಮ ಎಂಬುವರ ಮೇಲೆ ಒಂದು ದೂರು ಕೊಟ್ಟಿರುತ್ತಾರೆ. ಅಮ್ಮಾಜಮ್ಮ ಡ್ರೈವರ ಕೈಯಿಂದ ಫೋನು ಕಿತ್ತುಕೊಂಡು ಸ್ಟೇರಿಂಗ್ ಎಳೆದರು, ಅದರಿಂದ ಬಸ್ಸು ಜಾರಿ ತನುಜ ಎಂಬ ಕಾಲೇಜು ಹುಡುಗಿಯ ಹಣೆಗೆ ಪೆಟ್ಟಾಯಿತು ಎಂದು ಅದರಲ್ಲಿದೆ. ಫೋನು ತೆಗೆದುಕೊಂಡದ್ದು ನಿಜ. ಸ್ಟೇರಿಂಗ್ ಎಳೆದದ್ದು ಸುಳ್ಳು. ಆ ದೂರಿನ ಕೆಳಗೆ ಸಾಕ್ಷಿ ಎಂದು ಇರುವ ಸಹಿ ನನ್ನದು. ನಡೆದದ್ದನ್ನು ನಡೆದ ಹಾಗೆ ಈಗ ಹೇಳುತ್ತೇನೆ.

ನಮ್ಮ ಬಸ್ಸು ಶಿಡ್ಲಘಟ್ಟದಿಂದ ಚಿಂತಾಮಣಿ ಮಾರ್ಗವಾಗಿ ಮುರುಗಮಲ್ಲಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಹಿಂದೆ ಮುಂದೆ ಓಡುವ ಬಸ್ಸಿನವರು ಟೈಮಿಂಗ್ ವಿಚಾರಕ್ಕೆ ಜಗಳವಾಡುವುದು ಹೊಸದೇನಲ್ಲ. ಒಬ್ಬ ನಿಧಾನ ಮಾಡಿದರೆ ಹಿಂದಿನವನ ಜನರನ್ನೂ ಬಳಿದುಕೊಂಡು ಹೋಗುತ್ತಾನೆ. ಅದಕ್ಕೆ ಡ್ರೈವರುಗಳೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಎಷ್ಟು ಗಂಟೆಗೆ ದಾಟಿದೆವೆಂದು ಎಲ್ಲರಿಗೂ ಗೊತ್ತಾಗಲು, ಊರಿಗೆ ತಿರುಗುವ ಪ್ರತಿ ಗೇಟಿನಲ್ಲೂ ಬೋರ್ಡ್ ಕಾಣುವಂತೆ ಫೋಟೋ ಹೊಡೆದು ಅದರಲ್ಲಿ ಹಾಕಬೇಕು. ಫೋಟೋ ಹೊಡೆಯುವುದು ಕಂಡಕ್ಟರ್ ಕೆಲಸ. ಬಸ್ಸು ನಿಂತಾಗ ಕೆಳಗಿಳಿದು ಹೊಡೆಯಬೇಕು. ಅದಕ್ಕೆಂದೇ ಮಾಲೀಕರು ಬಸ್ಸಿಗೊಂದು ಫೋನು ಕೊಡಿಸಿದ್ದಾರೆ, ಅದು ನನ್ನ ಹತ್ತಿರ ಇರುತ್ತದೆ.

ರಷ್ ಇರುವ ದಿನಗಳಿಗೆ ನಾನು ಬೇರೆ ಉಪಾಯ ಕಂಡುಕೊಂಡಿದ್ದೆ. ಹಿಂದೆ ಟಿಕೆಟ್ ಹರಿಯುತ್ತಾ ಫೋನನ್ನು ಪಕ್ಕದವರ ಕೈಗೆ ಕೊಟ್ಟರೆ, ಅದು ಕೈಯಿಂದ ಕೈಗೆ ದಾಟಿ ಡ್ರೈವರ ಹತ್ತಿರ ಹೋಗುತ್ತದೆ. ನಮ್ಮ ಬಸ್ಸಿನಲ್ಲಿ ಚಿಲ್ಲರೆ, ಹೂವಿನ ಪೊಟ್ಟಣ, ಔಷಧಿ ಬಾಟ್ಲಿ, ಒಂದು ಸಲ ಅಳುತ್ತಿದ್ದ ಕೂಸು ಕೂಡ ಹೀಗೆ ದಾಟಿಕೊಂಡು ಅದರ ತಾಯಿಯ ಮಡಿಲು ಸೇರಿದೆ. ಫೋನು ದಾಟುವುದು ಯಾವ ಮಹಾ ವಿಷಯ ಅಂದುಕೊಂಡಿದ್ದೆ. ಎಂಟು ತಿಂಗಳಿಂದ ಹೀಗೇ ನಡೆಸಿಕೊಂಡು ಬಂದಿದ್ದೆ. ಯಾರೂ ಏನೂ ಕೇಳಿರಲಿಲ್ಲ.

ದಿನಾಂಕ 17 ಶುಕ್ರವಾರವಾದ್ದರಿಂದ ಮುರುಗಮಲ್ಲದ ದರ್ಗಾಕ್ಕೆ ಹೋಗುವವರು ಜಾಸ್ತಿ ಇದ್ದರು. ಬೆಳಿಗ್ಗೆ 10-20ಕ್ಕೆ ಚಿಂತಾಮಣಿ ಬಿಟ್ಟಾಗ ಬಸ್ಸಿನಲ್ಲಿ 63 ಜನ. ಅಮ್ಮಾಜಮ್ಮ, ವಯಸ್ಸು ಸುಮಾರು 70, ಅಲ್ಲಿಯೇ ಹತ್ತಿದರು. ಸೀಟು ಸಿಗದೆ, ಡ್ರೈವರ ಎಡಪಕ್ಕದ ಬಾನೆಟ್ ಮೇಲೆ ಟವೆಲ್ ಹಾಸಿಕೊಂಡು ಕೂತರು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಲ್ಲವಾ ಅಜ್ಜಿ, ನಮ್ಮ ಬಸ್ಸು ಯಾಕೆ ಹತ್ತಿದಿರಿ ಎಂದು ನಾನು ರೇಗಿಸಿದೆ. ಅದಕ್ಕೆ ಅವರು, ತಮ್ಮ ತಾಯಿ ಆ ದರ್ಗಾದಲ್ಲಿ ಹರಕೆ ಹೊತ್ತ ಮೇಲೆ ತಾವು ಹುಟ್ಟಿದ್ದಾಗಿಯೂ, ಹೆಸರೂ ಅಲ್ಲಿಯದೇ ಆಗಿರುವುದಾಗಿಯೂ, ಅಲ್ಲಿಗೆ ಹೋಗುವಾಗ ಟಿಕೆಟ್ ತೆಗೆದುಕೊಂಡೇ ಹೋಗುವುದಾಗಿಯೂ ತಿಳಿಸಿದರು. ನಾನು ಬಾಯಿ ಮುಚ್ಚಿಕೊಂಡು ಟಿಕೆಟ್ ಕೊಟ್ಟು ಹಿಂದಕ್ಕೆ ಹೋದೆ.

10-41ಕ್ಕೆ ಬಸ್ಸು ಹುಣಸೇಮರದ ಗೇಟ್ ಹತ್ತಿರ ಬಂತು. ನಾನು ಹಿಂದಿನ ಬಾಗಿಲಲ್ಲಿ ಇದ್ದೆ. ಫೋನನ್ನು ಮುಂದಿದ್ದವರ ಕೈಗೆ ಕೊಟ್ಟು, "ಮುರಳಿ ಅಣ್ಣ, ಫೋಟೋ ನೀನೇ ಹೊಡ್ಕೊಂಬಿಡು, ಇಲ್ಲಿನ್ನೂ ಟಿಕೆಟ್ ಮುಗ್ದಿಲ್ಲ" ಎಂದು ಕೂಗಿದೆ. ಫೋನು ತಲೆಗಳ ಮೇಲೆ ದಾಟಿಕೊಂಡು ಹೋಯಿತು. ಕೊನೆಗೆ ಅದನ್ನು ಡ್ರೈವರ ಕೈಗೆ ಕೊಟ್ಟವರು ಅಮ್ಮಾಜಮ್ಮ. ಗೇಟಿನಲ್ಲಿ ಇಳಿಯುವವರು ಯಾರೂ ಇರಲಿಲ್ಲ. ಮುರಳಿಮೋಹನ್ ಬಸ್ಸು ನಿಲ್ಲಿಸದೆಯೇ ಮುಂದಿನ ಗಾಜಿನಿಂದ ಫೋಟೋ ಹೊಡೆದು ಗುಂಪಿಗೆ ಕಳಿಸಿದರು.

ಆಮೇಲಾದರೂ ಫೋನು ಕೆಳಗಿಡಬೇಕಿತ್ತು. ಇಡಲಿಲ್ಲ. ಹಿಂದಿನ ಬಸ್ಸಿನ ಡ್ರೈವರ್ ಮೋಹನ್‌ಬಾಬು ಅವರಿಂದ ಒಂದು ವಾಯ್ಸ್ ಮೆಸೇಜು ಬಂತು. ಅಷ್ಟರಲ್ಲಿ ನಾನು ಜನರನ್ನು ಸರಿಸಿಕೊಂಡು ಮುಂದಿನಿಂದ ಎರಡನೇ ಸೀಟಿನವರೆಗೆ ಬಂದಿದ್ದರಿಂದ ನನಗೂ ಕೇಳಿಸಿತು. "ಏನ್ ಮುರಳಿ, ಎತ್ತಿನ ಗಾಡಿ ಓಡಿಸ್ತಾ ಇದೀಯಾ? ಮೂರು ನಿಮಿಷ ಲೇಟು ಕಣೋ ನೀನು" ಎಂದು ಶುರುವಾಗಿತ್ತು. ಡ್ರೈವರು ಸ್ಪೀಕರ್ ಹಾಕಿದ ಫೋನನ್ನು ಕಿವಿ ಹತ್ತಿರ ಹಿಡಿದು ನಗುತ್ತಾ ಒಂದೇ ಕೈಯಲ್ಲಿ ಓಡಿಸುತ್ತಿದ್ದರು. ವೇಗ ಸುಮಾರು 55. ಫೋಟೋ ಕಳಿಸುವಾಗ ಒಮ್ಮೆ, ಮೆಸೇಜು ಹಚ್ಚುವಾಗ ಒಮ್ಮೆ, ಎಡಗಡೆ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏನೂ ಹೇಳಲಿಲ್ಲ. ನೋಡಿ ನೋಡಿ ಅಭ್ಯಾಸವಾಗಿತ್ತು.

ಅಮ್ಮಾಜಮ್ಮ ಡ್ರೈವರ ಭುಜವನ್ನು ಎರಡು ಸಲ ಮುಟ್ಟಿ, "ಮುಂದೆ ನೋಡಪ್ಪ" ಎಂದರು. ಅವರು ತಿರುಗಲಿಲ್ಲ. ಮೂರನೇ ಸಲ ಅಮ್ಮಾಜಮ್ಮ ಕೈ ಚಾಚಿ ಫೋನು ತೆಗೆದುಕೊಂಡರು. ದೂರಿನಲ್ಲಿ ಕಿತ್ತುಕೊಂಡರು ಎಂದಿದೆ. ಕಿತ್ತುಕೊಳ್ಳಲಿಲ್ಲ. ಮಗುವಿನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಳ್ಳುವಂತೆ ಸುಮ್ಮನೆ ತೆಗೆದುಕೊಂಡರು. ಅವರ ಬೆರಳು ತಾಗಿ ಮೆಸೇಜು ಅಲ್ಲಿಗೇ ನಿಂತಿತು. ಆ ಹೊತ್ತಿನಲ್ಲಿ ಅವರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪಕ್ಕದ ಕಂಬಿ ಇತ್ತು. ಸ್ಟೇರಿಂಗ್ ಎಳೆಯಲು ಮೂರನೇ ಕೈ ಇರಲಿಲ್ಲ.

"ಏಯ್ ಅಜ್ಜಿ, ತಲೆ ಕೆಟ್ಟಿದೆಯಾ? ಕೊಡಿಲ್ಲಿ!" ಎಂದು ಡ್ರೈವರು ಕೂಗಾಡಿದರು. ನಾನೂ ಅವರ ಪರವಾಗಿಯೇ, "ಬಸ್ಸಿನ ಫೋನು ಅದು, ಕೊಟ್ಬಿಡಿ ಅಜ್ಜಿ" ಎಂದೆ. ಅಮ್ಮಾಜಮ್ಮ ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. "ನನ್ ಕೈಯಿಂದ್ಲೇ ಕೊಟ್ಟಿದ್ದು ನಾಯನಾ, ನಾನೇ ವಾಪಸ್ ಇಸ್ಕೊಂಡಿದೀನಿ. ಮುರುಗಮಲ್ಲದಾಗೆ ಇಳಿದ್ಮೇಲೆ ಕೊಡ್ತೀನಿ. ಈಗ ನೀನು ದಾರಿ ನೋಡು." ಇಷ್ಟು ಹೇಳಿ ಫೋನನ್ನು ಮಡಿಲಿಗೆ ಹಾಕಿಕೊಂಡು ತಾವೂ ದಾರಿಯನ್ನೇ ನೋಡುತ್ತಾ ಕೂತರು. ಡ್ರೈವರು ಸಿಟ್ಟಿನಿಂದ ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದರು. ಅವರು ಎರಡೂ ಕೈಯಲ್ಲಿ ಹಿಡಿದದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದ್ದು ಆವಾಗಲೇ.

ಸ್ವಲ್ಪ ದೂರದಲ್ಲಿ ರಸ್ತೆ ಏರಿ ಇಳಿಯುತ್ತದೆ. ಏರು ಹತ್ತಿದ ಕೂಡಲೇ ಇಳಿಜಾರಿನಲ್ಲಿ ಹುರುಳಿ ಹರಡಿದ್ದು ಕಂಡಿತು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹಾಸಿ ಬಸ್ಸು ಲಾರಿಗಳ ಚಕ್ರದಲ್ಲಿ ಒಕ್ಕಣೆ ಮಾಡಿಸಿಕೊಳ್ಳುವುದು ನಮ್ಮ ಕಡೆ ಇದ್ದದ್ದೇ. ನಾವೂ ಹತ್ತಿಸಿಕೊಂಡೇ ಹೋಗುತ್ತೇವೆ. ಆದರೆ ಆ ದಿನ ಹುರುಳಿಯ ಒಣಗಿದ ಸೊಪ್ಪೆಯ ನಡುವೆ ಆಂಜಿನಮ್ಮ ಎಂಬ ಹೆಂಗಸು, ವಯಸ್ಸು 60ರ ಮೇಲೆ, ನಮಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದರು. ತಲೆಗೆ ಸುತ್ತಿದ್ದ ಬಟ್ಟೆ ಹುರುಳಿ ಸೊಪ್ಪೆಯ ಬಣ್ಣದ್ದೇ. ಅವರಿಗೆ ಕಿವಿ ಮಂದ ಎಂದು ಆಮೇಲೆ ಗೊತ್ತಾಯಿತು. ಹಾರನ್ ಹೊಡೆದರೂ ಅಲುಗಲಿಲ್ಲ.

ಡ್ರೈವರು ಬ್ರೇಕ್ ಒತ್ತಿದರು. ಸೊಪ್ಪೆಯ ಮೇಲೆ ಚಕ್ರ ನಿಲ್ಲದೆ ಜಾರಿತು. ಬಸ್ಸಿನ ಹಿಂಭಾಗ ಬಲಕ್ಕೆ ಬೀಸಿತು. ಜನ ಕಿರುಚಿದರು. ಮುರಳಿಮೋಹನ್ ಸೀಟಿನಿಂದ ಅರ್ಧ ಎದ್ದು, ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಮತ್ತೆ ಎಡಕ್ಕೆ ತಿರುಗಿಸಿದರು. ಅವರ ಮೊಣಕೈಗಳು ಒಂದರ ಮೇಲೊಂದು ದಾಟುತ್ತಿದ್ದದ್ದು ಈಗಲೂ ನನ್ನ ಕಣ್ಣ ಮುಂದಿದೆ. ನಾನು ಏಳು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅಂಥ ಕೈಚಳಕ ನೋಡಿಲ್ಲ. ಒಂದು ಕೈಯಲ್ಲಿ ಆಗುವ ಕೆಲಸ ಅದಾಗಿರಲಿಲ್ಲ.

ಬಸ್ಸು ನಿಂತಿತು. ಇಳಿದು ಹೋಗಿ ನೋಡಿದಾಗ ಮುಂದಿನ ಬಂಪರಿಗೂ ಆಂಜಿನಮ್ಮನ ಬೆನ್ನಿಗೂ ನಡುವೆ ಇದ್ದದ್ದು ಒಂದು ಮೊಳ ನಾಲ್ಕು ಬೆರಳು. ನನ್ನ ಕೈಯಲ್ಲೇ ಅಳೆದೆ. ಒಂದು ಜೀವ ಹೀಗೆ ಉಳಿಯುವುದನ್ನು ಕಾಣುವ ಯೋಗ್ಯತೆ ನನಗಿತ್ತೇ ಎಂದು ಅನ್ನಿಸಿತು.

ಆಗ ಆಂಜಿನಮ್ಮ ತಿರುಗಿ ನೋಡಿ, "ಯಾಕಪ್ಪ ನಿಲ್ಸ್‌ಬಿಟ್ಟೆ? ಅರ್ಧ ಹುರುಳಿ ಹಂಗೇ ಐತೆ. ಪಕ್ಕಕ್ಕೆ ಸರೀತೀನಿ, ಹತ್ಸ್ಕೊಂಡು ಹೋಗು!" ಎಂದು ಬೈದರು. ಬೇರೆ ದಿನವಾಗಿದ್ದರೆ ಇಡೀ ಬಸ್ಸು ನಗುತ್ತಿತ್ತು. ಅಮ್ಮಾಜಮ್ಮ ನಿಧಾನವಾಗಿ ಇಳಿದು ಹೋಗಿ, ಆಂಜಿನಮ್ಮನ ರಟ್ಟೆ ಹಿಡಿದು ಎಬ್ಬಿಸಿ, ತಲೆಯ ಮೇಲಿನ ಹೊಟ್ಟು ಒರೆಸಿ ಮರದ ಕೆಳಗೆ ಕೂರಿಸಿ ಬಂದರು. ಗಂಡಸರಲ್ಲಿ ಇಬ್ಬರು ಅಮ್ಮಾಜಮ್ಮನಿಗೆ ಕೈ ಮುಗಿದದ್ದನ್ನು ನೋಡಿದ್ದೇನೆ.

ಬ್ರೇಕ್ ಹಾಕಿದಾಗ ನಿಂತಿದ್ದ ತನುಜ ಅವರ ಹಣೆ ಕಂಬಿಗೆ ತಾಗಿ ರಕ್ತ ಬಂದಿತ್ತು. ಮುರುಗಮಲ್ಲದಲ್ಲಿ ತೋರಿಸಿ ಎರಡು ಹೊಲಿಗೆ ಹಾಕಿಸಿದೆವು. 11-10ಕ್ಕೆ ಅಮ್ಮಾಜಮ್ಮ ಹೇಳಿದ ಮಾತಿನಂತೆ ಫೋನನ್ನು ಡ್ರೈವರ ಕೈಗೆ ಕೊಟ್ಟು ದರ್ಗಾ ಕಡೆಗೆ ಹೋದರು. ಡ್ರೈವರು ಫೋನನ್ನು ನನಗೆ ಕೊಟ್ಟು ಬಸ್ಸಿನ ನೆರಳಲ್ಲಿ ಕೂತುಬಿಟ್ಟರು.

ಮಧ್ಯಾಹ್ನ 12-30ಕ್ಕೆ ಬಸ್ಸಿನ ಮಾಲೀಕರಾದ ರಮೇಶ್‌ಬಾಬು ಬಂದರು. ಹುಡುಗಿಗೆ ಪೆಟ್ಟಾಗಿದೆ, ಡ್ರೈವರು ಫೋನಿನಲ್ಲಿದ್ದ ಎಂದು ಗೊತ್ತಾದರೆ ಲೈಸೆನ್ಸೂ ಹೋಗುತ್ತದೆ, ಬಸ್ಸೂ ನಿಲ್ಲುತ್ತದೆ ಎಂದರು. ತಪ್ಪನ್ನು ಅಜ್ಜಿಯ ಮೇಲೆ ಹಾಕಿ, ವಯಸ್ಸಾದವರು, ಪೊಲೀಸರು ಗದರಿಸಿ ಕಳಿಸುತ್ತಾರೆ ಅಷ್ಟೆ ಎಂದರು. ಮಾಲೀಕರು ಬರೆಸಿದ ದೂರಿಗೆ ಮುರಳಿಮೋಹನ್ ನೆಲ ನೋಡುತ್ತಾ ಸಹಿ ಹಾಕಿದರು. ಆಮೇಲೆ ನಾನೂ ಹಾಕಿದೆ. ಕೆಲಸ ಹೋಗುತ್ತದೆಂಬ ಭಯವಿತ್ತು, ಸುಳ್ಳು ಹೇಳುವುದಿಲ್ಲ.

ದಿನಾಂಕ 18ರಂದು ನಿದ್ದೆಗೆಟ್ಟು ಅದೇ ಜಾಗಕ್ಕೆ ಹೋಗಿ ಹೆಜ್ಜೆಯಲ್ಲಿ ಅಳೆದೆ. ಅಮ್ಮಾಜಮ್ಮ ಫೋನು ತೆಗೆದುಕೊಂಡಾಗ ಬಸ್ಸು ದಾಟಿದ ಮೈಲಿಗಲ್ಲಿನಿಂದ ಆಂಜಿನಮ್ಮ ಕೂತಿದ್ದ ಜಾಗಕ್ಕೆ 410 ಹೆಜ್ಜೆ. ನಮ್ಮ ಬಸ್ಸಿಗೆ ಅದು ಇಪ್ಪತ್ತು ಸೆಕೆಂಡಿನ ದಾರಿ. ಫೋನು ತೆಗೆದು ನೋಡಿದೆ. ಮೋಹನ್‌ಬಾಬು ಕಳಿಸಿದ ಮೆಸೇಜು 41 ಸೆಕೆಂಡಿನದು, 11ಕ್ಕೆ ನಿಂತಿದೆ. ಬಾಕಿ ಇದ್ದದ್ದು 30. ಒಂದು ಜೀವ ಆ ಮೂವತ್ತರೊಳಗೆ ಕೂತು ಕಾಳು ಕೇರುತ್ತಿತ್ತು. ರಸ್ತೆಯಲ್ಲೇ ನಿಂತು ನಾನು ಅತ್ತೆ. ಆ ಮೆಸೇಜನ್ನು ಈವರೆಗೆ ಮುಂದಕ್ಕೆ ಕೇಳಿಲ್ಲ, ಫೋನನ್ನು ತಮ್ಮ ಮುಂದೆ ಹಾಜರುಪಡಿಸಿದ್ದೇನೆ.

ಈ ದಿನ 19ರಂದು ಮುರಳಿಮೋಹನ್ ರಜೆ. ಕೊಂಡಪ್ಪ ಎಂಬುವರು ಬಸ್ಸು ಓಡಿಸುತ್ತಿದ್ದರು. ಚಿಂತಾಮಣಿಯಲ್ಲಿ ಅಮ್ಮಾಜಮ್ಮ ಹತ್ತಿ, "ಸ್ಟೇಷನ್ ಹತ್ರ ಇಳಿಸಪ್ಪ, ಬರಹೇಳವ್ರೆ. ಆ ಹುಡುಗಿ ಹಣೆ ಒಡೀತಲ್ಲ, ಸಾಕ್ಷಿ ಹೇಳೋಕೇನೋ" ಎಂದರು. ತಮ್ಮ ಮೇಲೆಯೇ ದೂರು ಇರುವುದು ಅವರಿಗೆ ಗೊತ್ತಿರಲಿಲ್ಲ. ಟಿಕೆಟ್ ತೆಗೆದುಕೊಂಡ ಮೇಲೆ ಒಂದು ಸಣ್ಣ ಪೊಟ್ಟಣ ನನ್ನ ಕೈಗಿಟ್ಟು, "ಆ ಡ್ರೈವರಪ್ಪನ ಹೆಸರಲ್ಲಿ ದರ್ಗಾದಾಗೆ ಸಕ್ಕರೆ ಓದ್ಸಿದೀನಿ, ಕೊಟ್ಬಿಡು. ಎಂಥಾ ಕೈ ಅವಂದು! ಆವಮ್ಮನ್ನ ಉಳಿಸ್ದ" ಎಂದರು. ನನಗೆ ಮುಂದೆ ಟಿಕೆಟ್ ಹರಿಯಲು ಆಗಲಿಲ್ಲ. ಠಾಣೆ ಬಂದಾಗ ಟಿಕೆಟ್ ದುಡ್ಡಿನ ಚೀಲವನ್ನು ಕೊಂಡಪ್ಪನವರಿಗೆ ಕೊಟ್ಟು ಅಮ್ಮಾಜಮ್ಮನ ಜೊತೆ ಇಳಿದೆ.

ಆದ್ದರಿಂದ ಆ ದೂರಿಗೆ ಹಾಕಿದ ಸಹಿಯನ್ನು ವಾಪಸ್ಸು ಪಡೆಯುತ್ತೇನೆ. ಅಮ್ಮಾಜಮ್ಮನ ಮೇಲೆ ಏನೂ ಬರೆಯಬಾರದೆಂದು ಬೇಡಿಕೊಳ್ಳುತ್ತೇನೆ. ಕೇಸು ಬರೆಯಲೇಬೇಕಾದರೆ, ಓಡುವ ಬಸ್ಸಿನಲ್ಲಿ ಡ್ರೈವರ ಕೈಗೆ ಫೋನು ಕಳಿಸಿದವನು ಕಂಡಕ್ಟರ್ ಅಂಬರೀಶ್ ಎಂದು ಮೊದಲು ಬರೆದುಕೊಳ್ಳಬೇಕು. ಇದರಿಂದ ಕೆಲಸ ಹೋದರೆ ಹೋಗಲಿ.

ಬರೆದದ್ದನ್ನು ಮಹಿಳಾ ಪೇದೆ ಶಿರೀಷಾ ಅವರು ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದ್ದಕ್ಕೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎಲ್ಲ ಸತ್ಯ. ಬೆಂಚಿನ ಮೇಲೆ ಕೂತಿದ್ದ ಅಮ್ಮಾಜಮ್ಮನೂ ಪೂರ್ತಿ ಕೇಳಿಸಿಕೊಂಡು, ಸಹಿ ಹಾಕಿದ್ದೂ ಫೋನು ಕಳಿಸಿದ್ದೂ ನೀನೇನಾ ಎಂದು ಕೇಳಿದರು. ಹೌದು ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು, ನನಗೆ ಕೂರಲು ಜಾಗ ಮಾಡಿಕೊಟ್ಟರು. ಇದನ್ನೂ ಸೇರಿಸಿ ಬರೆಯಬೇಕೆಂದು ನಾನೇ ಕೇಳಿಕೊಂಡೆ.

ಸ್ಥಳ: ಪೊಲೀಸ್ ಠಾಣೆ, ಚಿಂತಾಮಣಿ ತಾಲ್ಲೂಕು
ದಿನಾಂಕ: 19-01-2025, ಮಧ್ಯಾಹ್ನ 1-05
ಸಹಿ: ಅಂಬರೀಶ್ ವಿ.