ಬಿಸಿಲು ಕಂಡ ಗಾಜು

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನ ಪಡೆದ ನಮ್ಮ ಡಾಕ್ಟರಮ್ಮನವರೇ, ಅತಿಥಿಗಳೇ, ಸಭಿಕರೇ,

ಪ್ರಯೋಗಾಲಯದಲ್ಲಿ ಗಾಜು ತೊಳೆಯುವವಳಿಗೆ ಮೈಕು ಕೊಟ್ಟರೆ ಒರೆಸಿ ವಾಪಸು ಕೊಡುತ್ತಾಳೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೇನೆ.

ಡಾಕ್ಟರಮ್ಮನವರ ಸಾಧನೆಯನ್ನು ಅತಿಥಿಗಳು ದೊಡ್ಡ ಮಾತಿನಲ್ಲಿ ಹೇಳಿದರು. ನನಗೆ ತಿಳಿದಷ್ಟು ನಾನು ಹೇಳುತ್ತೇನೆ. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ತೆಳ್ಳನೆಯ ಪೊರೆ ಉಂಟು. ಆ ಪೊರೆಯಲ್ಲಿ ಕೊಲೆಸ್ಟ್ರಾಲ್ ಇರಲೇಬೇಕು. ಕೆಲವು ಮಕ್ಕಳಲ್ಲಿ ಅದು ಪೊರೆಗೆ ಹೋಗದೆ ಒಳಗೇ ಗಂಟುಕಟ್ಟುತ್ತದೆ. ಹುಡುಕುವುದು ಹೇಗೆ? ಅದಕ್ಕೆ ಅಂಟುವ ಬಣ್ಣವೊಂದಿದೆ, ಸೂಕ್ಷ್ಮದರ್ಶಕದಡಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಬೆಳಕು ಬಿದ್ದರೆ ಆ ಹೊಳಪು ಸಾಯುತ್ತದೆ. ಅದಕ್ಕೇ ಮಕ್ಕಳ ಕೋಶಗಳನ್ನಿಟ್ಟು ಬಣ್ಣ ಹಾಕಿದ ಗಾಜುಗಳನ್ನು ಬೆಳ್ಳಿಕಾಗದದಲ್ಲಿ ಸುತ್ತುವುದು. ಹದಿನೆಂಟು ವರ್ಷ ಸುತ್ತಿದವಳು ನಾನೇ.

ಹೋದ ತಿಂಗಳು ಬಂದ ಒಂದು ಗಾಜು ನನ್ನ ಮೊಮ್ಮಗಳದು. ನಾಲ್ಕು ವರ್ಷದ ಮಗು. ಜೋರಾಗಿ ನಕ್ಕರೆ ಕುಸಿಯುತ್ತಾಳೆ. ಮೆಟ್ಟಿಲಿಳಿಯುವಾಗ ಕಣ್ಣು ಕೆಳಗಿಳಿಯುವುದಿಲ್ಲ, ತಲೆಯನ್ನೇ ಬಗ್ಗಿಸುತ್ತಾಳೆ. ಅದೇ ಕಾಯಿಲೆಯಿರಬಹುದು, ಬೇಗ ಗೊತ್ತಾದರೆ ನಿಧಾನಗೊಳಿಸುವ ಔಷಧಿಯಿದೆ ಎಂದರು ಡಾಕ್ಟರಮ್ಮ. ಬಣ್ಣ ಹಾಕಿದ ಗಾಜನ್ನು ಸುತ್ತಿಡಲು ನನ್ನ ಕೈಗೇ ಕೊಟ್ಟರು.

ನಾನು ಏನು ಮಾಡಿದೆ? ಸುತ್ತಲಿಲ್ಲ. ದೇವರನ್ನು ಬೇಡುವಾಗ ಸೂರ್ಯನಿಗೆ ಮುಖ ಮಾಡುವುದು ನನ್ನ ಅಭ್ಯಾಸ. ಗಾಜನ್ನು ಕಿಟಕಿಯ ಬಿಸಿಲಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೊಳೆಯದಿರಲಿ ತಂದೆ, ಹೊಳೆಯದಿರಲಿ ಎಂದು ಬೇಡಿದೆ. ಅರ್ಧ ಗಂಟೆಯಾದರೂ ಆಗಿರಬೇಕು. ಬೆಳಕಿನ ವಿಷಯ ಮರೆತೆನೋ, ಮರೆಯಬೇಕೆಂದುಕೊಂಡೆನೋ, ಅವನಿಗೇ ಗೊತ್ತು. ಆಮೇಲೆ ನೀಟಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಗಾಜು ಹೊಳೆಯಲಿಲ್ಲ, ಆರೋಗ್ಯವಂತರಲ್ಲಿ ಕಾಣುವಂಥ ಮಸುಕು ನೀಲಿಯಷ್ಟೇ ಉಳಿದಿತ್ತು. ಹೋಲಿಕೆಗೆಂದು ಇಟ್ಟ, ಕಾಯಿಲೆ ಇರುವವರ ಗಾಜುಗಳು ಬೇರೆ ಪೆಟ್ಟಿಗೆಯಲ್ಲಿದ್ದವು, ಅವು ಸರಿಯಾಗಿಯೇ ಹೊಳೆದವು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕಾಯಿಲೆ ಇಲ್ಲ ಎಂದು ವರದಿ ಬಂತು. ಮಗಳು ಕಾಗದವನ್ನು ಎದೆಗವಚಿಕೊಂಡು ಅತ್ತಳು. "ನಿನ್ನ ದೇವರು ದೊಡ್ಡವನು ಕಣಮ್ಮಾ" ಅಂದಳು. ನಾನು ಹೂಂ ಅಂದೆ. ಸಭಿಕರೇ, ಆ ಒಂದು ಹೂಂ ಹೇಳಿ ಇಂದಿಗೆ ಹನ್ನೊಂದು ದಿನ.

ನಿನ್ನೆ ಮಗು ನೀರು ಕುಡಿಯುತ್ತ ಕೆಮ್ಮಿ ಕೆಮ್ಮಿ ನೀಲಿಗಟ್ಟಿತು. ನುಂಗುವಾಗ ಹೀಗಾಗುವುದೂ ಅದೇ ಕಾಯಿಲೆಯ ಗುರುತು. ಮಗಳು ಬೆನ್ನು ಸವರುತ್ತ, "ಏನಿಲ್ಲ ಬಿಡಮ್ಮಾ, ಟೆಸ್ಟಲ್ಲೇ ಏನೂ ಬಂದಿಲ್ವಲ್ಲ" ಅಂದಳು. ಧೈರ್ಯವಾಗಿ ಅಂದಳು. ಆ ಧೈರ್ಯ ನೋಡಿ ನನಗೆ ಹೆದರಿಕೆಯಾಯಿತು.

ಡಾಕ್ಟರಮ್ಮಾ, ನಿಮ್ಮ ಕೋಣೆಗೆ ಬಂದು ಹೇಳಬೇಕಿತ್ತು. ಮೂರು ಸಲ ಬಂದೆ, ನೆಲ ಒರೆಸಿ ಹೋದೆ. ಇಷ್ಟು ಜನರ ಮುಂದೆ ಹೇಳಿದರೆ ಮತ್ತೆ ನುಂಗಿಕೊಳ್ಳಲಾರೆ ಎಂದು ಇಲ್ಲಿ ಹೇಳುತ್ತಿದ್ದೇನೆ. ಮಗುವಿನ ಕೋಶಗಳ ಮೂರು ಸೀಸೆ ಇನ್ನೂ ಶೀತಪೆಟ್ಟಿಗೆಯಲ್ಲಿವೆ. ಮತ್ತೆ ಬಣ್ಣ ಹಾಕಿ. ಸುತ್ತುವ ಕೆಲಸ ಬೇರೆಯವರಿಗೆ ಕೊಡಿ. ನನ್ನನ್ನು ತೆಗೆದುಹಾಕುವುದಾದರೆ ಆಮೇಲೆ ತೆಗೆದುಹಾಕಿ.

ಮಗಳೇ, ನೀನು ಎದ್ದು ನಿಂತಿದ್ದು ಕಾಣಿಸುತ್ತಿದೆ. ಬಯ್ಯಿ. ಆದರೆ ಮನೆಗೆ ಹೋಗಬೇಡ, ಡಾಕ್ಟರಮ್ಮನ ಹಿಂದೆ ಪ್ರಯೋಗಾಲಯದೊಳಗೆ ಹೋಗು.

ಸಭಿಕರೇ, ಈ ಸಲ ಇದ್ದದ್ದು ಇದ್ದ ಹಾಗೆ ಕಾಣಲಿ ಎಂದು ಬೇಡಬೇಕು. ಹಾಗೆ ಬೇಡಲು ನನಗೆ ಬಾಯಿ ಬರುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಬೇಡಿಕೊಂಡರೆ ಉಪಕಾರವಾಗುತ್ತದೆ. ತಡೆಯದೆ ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.