ನೀವು ಆಯ್ಕೆಯಾಗಿದ್ದೀರಿ

ಒಂದು ಮೇಲ್ ಬಂತಂತೆ, ಇವನು ಕೆಲಸ ಬಿಟ್ಟನಂತೆ! ಥೂ, ಯಾರ ಹತ್ರ ಹೇಳಿದ್ರೂ ಬಿದ್ದು ಬಿದ್ದು ನಗ್ತಾರೆ ಕಣೋ. ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ... ಈ ಕಡೆದು ಎಳ್ಕೋ.

ಸರಿ, ನನಗೆ ಅರ್ಥ ಆಗಿದ್ದು ಹೇಳ್ತೀನಿ, ತಪ್ಪಿದ್ರೆ ಹೇಳು. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಊಟದ ಡಬ್ಬಿ ಹಿಡ್ಕೊಂಡು, ಬೆಳಿಗ್ಗೆ ಬೆಳಿಗ್ಗೆನೇ ಹೊಸ ಆಸ್ಪತ್ರೆಗೆ ಹೋದೆ. ‘ಎಕ್ಸ್‌ರೇ ವಿಭಾಗಕ್ಕೆ ಸೇರೋಕೆ ಬಂದಿದೀನಿ’ ಅಂದೆ. ಅವರು ಹುಡುಕಿ ಹುಡುಕಿ, ‘ಇನ್ನೂ ಯಾರನ್ನೂ ತಗೊಂಡೇ ಇಲ್ವಲ್ಲ’ ಅಂದ್ರು. ಮೇಲ್ ತೋರಿಸಿದ್ರೆ, ‘ಅಡ್ರೆಸ್ಸು ನಮ್ಮದೇ, ಆದ್ರೆ ನಾವು ಕಳಿಸಿಲ್ಲ’ ಅಂದ್ರು. ಅಲ್ಲಿಂದ ನೆಟ್ಟಗೆ ಅಕ್ಕನ ಆಫೀಸಿಗೆ! ಯಾಕಪ್ಪಾ? ಅಕ್ಕ ಏನು ಆಸ್ಪತ್ರೆ ಇಟ್ಕೊಂಡಿದಾಳಾ?

ಹೂಂ, ಗೊತ್ತು ಗೊತ್ತು. ಅವರಿಗೆ ಮೇಲ್ ಕಳಿಸೋ ಅಪ್ಲಿಕೇಶನ್ ಮಾಡಿಕೊಟ್ಟಿದ್ದು ನಾವು. ನಾನೇ ಅಂತಾನೇ ಇಟ್ಕೋ. ಅದಕ್ಕೇನೀಗ? ಒಲೆ ಮಾಡಿಕೊಟ್ಟವನು ನಿಮ್ಮನೆ ಸಾರಿಗೆ ಉಪ್ಪು ಹಾಕ್ತಾನಾ?

‘ಹೃತ್ಪೂರ್ವಕ ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ನಿಮ್ಮಂಥವರು ಸಿಕ್ಕಿದ್ದು ನಮ್ಮ ಭಾಗ್ಯ’... ಇದನ್ನ ಯಾರು ಬರೆದದ್ದು ಅಂದ್ಕೊಂಡೆ? ದೊಡ್ಡ ಡಾಕ್ಟರು ನಿನ್ನ ನೆನೆಸಿಕೊಂಡು, ಕಣ್ಣೊರೆಸ್ಕೊಂಡು ಬರೆದ್ರಾ? ಟೆಂಪ್ಲೇಟು ಕಣೋ, ಟೆಂಪ್ಲೇಟು! ಅಚ್ಚು! ಇದೇ ಕುರ್ಚಿಯಲ್ಲಿ ಕೂತು, ಬಿಸ್ಕತ್ತು ತಿಂತಾ ನಾನು ಬರೆದದ್ದು. ಮಾತು ಎಲ್ಲರಿಗೂ ಒಂದೇ. ಹೆಸರಿಗೆ ಒಂದು ಖಾಲಿ ಜಾಗ, ಹುದ್ದೆಗೆ ಒಂದು, ತಾರೀಖಿಗೆ ಒಂದು. ಅದನ್ನ ತುಂಬಿ ಕಳಿಸೋಕೆ ಒಂದು ಲೈಬ್ರರಿ ಇದೆ. ಏ, ಪುಸ್ತಕದ ಲೈಬ್ರರಿ ಅಲ್ವೋ... ಯಾರೋ ಪುಣ್ಯಾತ್ಮರು ಬರೆದಿಟ್ಟಿರೋ ಕೋಡು, ಅದನ್ನ ನಮ್ಮ ಕೋಡಿಗೆ ಸೇರಿಸ್ಕೊಳ್ತೀವಿ, ಅಷ್ಟೇ. ಅದಕ್ಕೆ ಪ್ರೀತಿಯೂ ಗೊತ್ತಿಲ್ಲ, ಮಣ್ಣೂ ಗೊತ್ತಿಲ್ಲ. ಹೆಸರಿನ ಜಾಗಕ್ಕೆ ‘ಬಕೆಟ್ಟು’ ಅಂತ ಹಾಕು, ‘ಪ್ರಿಯ ಬಕೆಟ್ಟು ಅವರೇ, ಹೃತ್ಪೂರ್ವಕ ಅಭಿನಂದನೆಗಳು’ ಅಂತ ಕಳಿಸತ್ತೆ!

ನಗು ಬರಲ್ವಾ? ನನಗಂತೂ ಬರತ್ತಪ್ಪ.

ಒಂದ್ಸಲ ಒಂದು ಬಟ್ಟೆ ಅಂಗಡಿಗೆ, ಹುಟ್ಟಿದಹಬ್ಬದ ಶುಭಾಶಯ ಕಳಿಸೋಕೆ ಹೀಗೇ ಮಾಡಿಕೊಟ್ಟಿದ್ವಿ. ಹೆಸರು ತುಂಬಲೇ ಇಲ್ಲ, ಅಷ್ಟೂ ಜನಕ್ಕೆ ‘ಪ್ರಿಯ ಹೆಸರು ಇಲ್ಲಿ ಅವರೇ’ ಅಂತ ಹೋಯ್ತು. ಅದಕ್ಕೊಬ್ಬರು ತಾತ, ‘ನನ್ನ ಹುಟ್ಟಿದಹಬ್ಬ ನೆನಪಿಟ್ಟುಕೊಂಡಿದ್ದಕ್ಕೆ ಧನ್ಯವಾದ’ ಅಂತ ಉತ್ತರ ಬರೆದಿದ್ರು! ಜನ ಹಾಗೇ. ನಾಲ್ಕು ಒಳ್ಳೆ ಮಾತು ಕಂಡ್ರೆ ಸಾಕು, ಕರಗಿ ನೀರಾಗಿಬಿಡ್ತಾರೆ. ನಮ್ಮನೇಲೂ ಅಂಥದ್ದೊಂದು ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಮತ್ತೆ ನೀನು ಬಿಟ್ಟುಬಂದ ಆ ಕ್ಲಿನಿಕ್ಕಿನ ಡಾಕ್ಟರ ಎದುರಿಗೆ ನಿಂತು, ‘ನಿಮ್ಮ ಬೈಗುಳ ತಿಂದು ತಿಂದು ಸಾಕಾಯ್ತು’ ಅಂದೆಯಂತೆ? ಇಷ್ಟು ವರ್ಷ ಬಾಯಿ ಎಲ್ಲಿ ಇಟ್ಟಿದ್ಯೋ! ಈಗ ಹೋಗಿ ಕಾಲು ಹಿಡಿ. ...ದಾರಿಯಲ್ಲೇ ಫೋನ್ ಮಾಡಿ ಕೇಳ್ಕೊಂಡೆಯಾ? ...ನಿನ್ನ ಜಾಗಕ್ಕೆ ಬೇರೆಯವರನ್ನ ತಗೊಂಡಾಗಿದೆಯಾ? ಆಗ್ಲೇ? ಎಂಥಾ ಜನ, ಛೇ.

ಮನೇಲಿ ಅವಳಿಗೆ ಹೇಳಿದೆಯಾ? ...ಹೇಳಿಲ್ಲ. ಹೇಗೆ ಹೇಳ್ತೀಯ, ಪಾಪ, ತುಂಬಿದ ಬಸುರಿ. ಇವತ್ತೋ ನಾಳೆಯೋ ಅಂತಿದ್ದಾಳೆ. ಹೆಂಡತಿಗೆ ಹೆರಿಗೆ, ಗಂಡನಿಗೆ ಕೆಲಸ ಇಲ್ಲ. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ.

ನನ್ನ ಮುಖ ಯಾಕೆ ನೋಡ್ತೀಯಾ? ತಪ್ಪು ಆ ಆಸ್ಪತ್ರೆ ಆಫೀಸಿನವರದ್ದು. ಟೀ ಕುಡೀತಾ ಯಾವುದೋ ಬಟನ್ ಒತ್ತಿರ್ತಾರೆ, ಈಗ ಕೈ ತೊಳ್ಕೊಂಡು ಕೂತಿದಾರೆ. ಅವರಿಗೆ ಬುದ್ಧಿ ಇಲ್ಲ, ಸರಿ. ನಿನಗಾದ್ರೂ ಬೇಡ್ವಾ? ಅರ್ಜಿ ಹಾಕಿದ್ದು ಸಾಧಾರಣ ಟೆಕ್ನಿಷಿಯನ್ ಕೆಲಸಕ್ಕೆ. ‘ವಿಭಾಗದ ಮುಖ್ಯಸ್ಥರಾಗಿ’ ಅಂತ ಬಂದ್ರೆ, ಅಯ್ಯೋ ಇದೇನಿದು ಅಂತ ಒಂದು ಗಳಿಗೆ ಅನುಮಾನ ಬರಬೇಡ್ವಾ? ಮುಖ್ಯಸ್ಥನಂತೆ! ಇವನು!

...ಏನು?

ಯಾಕೆ ಹಾಗೆ ನೋಡ್ತೀಯಾ? ನೀನೇ ಹೇಳಿದ್ದಲ್ವೇನೋ, ಅವತ್ತು ಫೋನಲ್ಲಿ... ಬರೀ ‘ಕೆಲಸ ಸಿಕ್ತು’ ಅಂದಿದ್ದಾ? ಹಾಗಾದ್ರೆ ನಿನ್ನ ಹೆಂಡತಿ ಹೇಳಿರಬೇಕು. ...ಅವಳಿಗೂ ಹೇಳಿರಲಿಲ್ವಾ? ಮತ್ತೆ ಈಗ, ಬಂದ ಕೂಡಲೇ ಮೇಲ್ ತೋರಿಸಿದೆಯಲ್ಲ ನನಗೆ...

ತೋರಿಸಿಲ್ಲ. ಫೋನು ಇನ್ನೂ ಜೇಬಲ್ಲೇ ಇದೆ.

ಸರಿ. ನಾನೇ. ಟೆಸ್ಟ್ ಮಾಡೋಕೆ ಯಾರದ್ದಾದ್ರೂ ಒಂದು ಅರ್ಜಿ ಬೇಕಿತ್ತು, ಅಷ್ಟರಲ್ಲಿ ನಿನ್ನ ಹೆಸರು ಕಾಣಿಸ್ತು. ಹುದ್ದೆ ಅನ್ನೋ ಜಾಗದಲ್ಲಿ ಸುಮ್ಮನೆ ಬರೆದೆ ಕಣೋ... ನಿನ್ನ ಹೆಸರಿನ ಕೆಳಗೆ ಹೇಗೆ ಕಾಣತ್ತೆ ನೋಡೋಣ ಅಂತ. ಚೆನ್ನಾಗಿ ಕಾಣಿಸ್ತು. ನಿಜವಾಗ್ಲೂ ತುಂಬಾ ಖುಷಿಯಾಯ್ತು ನನಗೆ. ಟೆಸ್ಟ್ ಮಾಡುವಾಗ ಮೇಲ್ ಹೊರಗೆ ಹೋಗದ ಹಾಗೆ ಲೈಬ್ರರಿಗೆ ಮೊದಲೇ ಹೇಳಿಡಬೇಕು. ಒಂದೇ ಒಂದು ಸಾಲು. ಅದನ್ನ ಯಾವುದಕ್ಕೋ ತೆಗೆದಿದ್ದೆ, ವಾಪಸ್ ಹಾಕೋದು ಮರೆತೆ.

ಇಲ್ಲ... ಇವತ್ತು ಗೊತ್ತಾಗಿದ್ದಲ್ಲ. ಅವತ್ತೇ. ನೀನು ಕುಣಿದಾಡ್ಕೊಂಡು ಫೋನ್ ಮಾಡಿದೆಯಲ್ಲ, ಆಗ್ಲೇ ಹೊಳೀತು, ಮೇಲ್ ಹೊರಗೆ ಹೋಗಿಬಿಟ್ಟಿದೆ ಅಂತ. ಹೇಳೋಣ ಅಂತ ಬಾಯಿ ತೆಗೆದೆ. ಹೇಳಿದ್ರೆ ನನ್ನ ಕೆಲಸ ಹೋಗತ್ತೆ. ಇನ್ನೊಂದು ವಾರ ಬಿಟ್ರೆ ಹೇಗೂ ನಿನ್ನನ್ನೇ ತಗೊಳ್ತಾರೆ, ನಿನ್ನ ಹಾಗೆ ಎಕ್ಸ್‌ರೇ ತೆಗೆಯೋರು ಯಾರಿದ್ದಾರೆ, ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಅಷ್ಟರಲ್ಲಿ ನೀನು ‘ಅಕ್ಕಾ, ರಾಜೀನಾಮೆ ಕೊಟ್ಟುಬಿಡ್ಲಾ?’ ಅಂತ ಕೇಳಿದೆ. ನಾನು ಕೊಡು ಅಂದೆ. ಧೈರ್ಯವಾಗಿ ಕೊಡು ಅಂದೆ ಕಣೋ.

ಬಯ್ಯೋ. ಬಾಯಿಗೆ ಬಂದ ಹಾಗೆ ಬೈದುಬಿಡು. ಬೇಕಿದ್ರೆ ಎರಡು ಏಟು ಹಾಕು, ಯಾರಾದ್ರೂ ನೋಡಿದ್ರೂ ನೋಡಲಿ.

ಎದ್ದೆಯಾ? ಫೋನ್ ಯಾಕೆ ತೆಗೀತೀಯಾ... ಯಾರಿಗೆ? ನನ್ನ ಕೈಗೆ ಯಾಕೆ ಕೊಡ್ತೀಯಾ? ಬೇಡ ಕಣೋ, ಇಂಥಾ ಹೊತ್ತಲ್ಲಿ ಅವಳಿಗೆ... ರಿಂಗ್ ಆಗ್ತಿದೆ. ಕಟ್ ಮಾಡೋ. ನಾನು ಏನಂತ ಹೇಳ್ಲಿ ಅವಳಿಗೆ? ಏನಂತ...

ಹಲೋ. ...ಹೂಂ, ನಾನು ಕಣಮ್ಮಾ. ಊಟ ಆಯ್ತಾ? ...ಇಲ್ಲ, ಹೊಸ ಆಸ್ಪತ್ರೆಯಲ್ಲಿ ಇಲ್ಲ ಅವನು. ಇಲ್ಲೇ ಇದ್ದಾನೆ, ನನ್ನ ಎದುರಿಗೇ ನಿಂತಿದ್ದಾನೆ. ...ಏನೂ ಆಗಿಲ್ಲ ಅವನಿಗೆ, ಗಾಬರಿ ಆಗ್ಬೇಡ. ನೀನು ಮೊದಲು ಕೂತ್ಕೋ. ಕೂತ್ಕೊಂಡ್ಯಾ?